ಗೋಡೆಗೆ ಮುಖಮಾಡಿದ ಗುಮಾಸ್ತ

ಅಮೆರಿಕದ ಸಾಹಿತಿ ಹರ್ಮನ್ ಮೆಲ್ವಿಲ್ (1819–1891) ತಿಮಿಂಗಿಲ ಬೇಟೆಯ ಕಾದಂಬರಿ ‘ಮೋಬಿ ಡಿಕ್’ನಿಂದ ಜಗತ್ಪ್ರಸಿದ್ಧನು. ಅದು ಪ್ರಕಟವಾದ ಎರಡು ವರ್ಷಗಳ ತರುವಾಯ, 1853ರಲ್ಲಿ, ಆತನ ‘ಬಾರ್ಟಲ್‌ಬಿ’ ಎಂಬ ಕಥೆ ಹೊರಬಂದಿತು. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಒಂದು ವಕೀಲರ ಕಚೇರಿ, ಕಾಗದಪತ್ರಗಳ ನಕಲು ಮಾಡುವ ಗುಮಾಸ್ತರು, ಕಿಟಕಿಯಾಚೆ ಗೋಡೆ: ಇಷ್ಟೇ ಈ ಕಥೆಯ ಪ್ರಪಂಚ.

ಕಥೆ ಹೇಳುವವನು ವಯೋವೃದ್ಧನಾದ ವಕೀಲ. ಅವನ ಹಳೆಯ ಗುಮಾಸ್ತರಲ್ಲಿ ಒಬ್ಬನು ಮಧ್ಯಾಹ್ನದ ನಂತರ ಕೆಲಸ ಕೆಡಿಸುವನು. ಇನ್ನೊಬ್ಬನು ಮಧ್ಯಾಹ್ನದವರೆಗೆ ಸಿಡುಕುವನು. ಇಬ್ಬರೂ ಕೂಡಿದರೆ ಒಬ್ಬ ಗುಮಾಸ್ತ! ಇಂಥಲ್ಲಿಗೆ ಬಾರ್ಟಲ್‌ಬಿ ಬಂದು, ನೂರು ಪದಗಳಿಗೆ 4 ಸೆಂಟಿನಂತೆ ಹಗಲಿರುಳು ನಕಲು ಮಾಡುತ್ತಾನೆ. ಮೂರನೆಯ ದಿನ, ನಕಲನ್ನು ಮೂಲದೊಡನೆ ತಾಳೆ ನೋಡಲು ಕರೆದಾಗ, ಅತ್ಯಂತ ವಿನಯದಿಂದ ಒಲ್ಲೆನೆನ್ನುತ್ತಾನೆ. ಅದರಲ್ಲಿ ಕೋಪವಿಲ್ಲ, ಕಾರಣವನ್ನೂ ಹೇಳನು. ಕ್ರಮೇಣ ನಕಲು ಮಾಡುವುದನ್ನೂ ನಿಲ್ಲಿಸುತ್ತಾನೆ. ಆದರೆ ಕಚೇರಿಯನ್ನು ಬಿಡನು. ಕಡೆಗೆ ಯಜಮಾನನೇ ಕಚೇರಿಯನ್ನು ಬೇರೆಡೆಗೆ ಸಾಗಿಸಬೇಕಾಗುತ್ತದೆ!

ಓದುಗನು ಇಲ್ಲಿಯವರೆಗೆ ನಗಬಲ್ಲನು. ಆದರೆ ಈ ಯಜಮಾನನು ನಿರ್ದಯನಲ್ಲವೆಂಬುದರಲ್ಲಿಯೇ ಕಥೆಯ ಮರ್ಮವಿದೆ. ಸಲ್ಲಬೇಕಾದ 12 ಡಾಲರುಗಳ ಮೇಲೆ ಅವನು 20 ಡಾಲರು ಕೊಡುತ್ತಾನೆ; ತನ್ನ ಮನೆಗೇ ಕರೆಯುತ್ತಾನೆ; ಬಾರ್ಟಲ್‌ಬಿ ಸೆರೆಮನೆ ಸೇರಿದಾಗ ಊಟದ ಏರ್ಪಾಡು ಮಾಡುತ್ತಾನೆ. ಆದರೂ ಆ ಯುವಕನು ಉಣ್ಣಲೊಲ್ಲದೆ ಸೆರೆಮನೆಯ ಗೋಡೆಯ ಬುಡದಲ್ಲಿ ಪ್ರಾಣ ಬಿಡುತ್ತಾನೆ.

ವಕೀಲನ ದಯೆ ಎಲ್ಲಿ ಸೋತಿತು? ಒಂದು ಭಾನುವಾರ, ಬಾರ್ಟಲ್‌ಬಿ ಕಚೇರಿಯಲ್ಲಿಯೇ ವಾಸಿಸುತ್ತಿರುವುದನ್ನು ಕಂಡು ಅವನಲ್ಲಿ ಮರುಕ ಹುಟ್ಟುತ್ತದೆ. ಆ ಮರುಕದಿಂದ ಪರಿಹಾರ ದೊರೆಯದೆಂದು ತೋರಿದೊಡನೆ ಅದು ಭೀತಿಯಾಗಿ, ಜುಗುಪ್ಸೆಯಾಗಿ ಮಾರ್ಪಡುತ್ತದೆ. ನಕಲು ಮಾಡುವ ಕೈಯನ್ನು ಅವನು ಬಲ್ಲನು. ಕೈ ನಿಂತ ಮೇಲೆ ಉಳಿದ ಮನುಷ್ಯನನ್ನು ಅರಿಯನು.

ಕೊನೆಯಲ್ಲೊಂದು ವದಂತಿ ಬರುತ್ತದೆ. ಬಾರ್ಟಲ್‌ಬಿ ಹಿಂದೆ ವಾಷಿಂಗ್ಟನ್ನಿನಲ್ಲಿ, ವಿಳಾಸದಾರರಿಗೆ ಮುಟ್ಟದೆ ಉಳಿದ ಪತ್ರಗಳ ಕಚೇರಿಯಲ್ಲಿದ್ದನಂತೆ. ಆ ಪತ್ರಗಳ ಗತಿ ಬೆಂಕಿ. ಅವನ ವಿಷಾದಕ್ಕೆ ಇದೇ ಕಾರಣವೆಂದು ತೀರ್ಮಾನಿಸಿದರೆ ಕಥೆ ಕಿರಿದಾಗುತ್ತದೆ. ಮೆಲ್ವಿಲ್ ಅದನ್ನು ವದಂತಿಯೆಂದೇ ಬಿಟ್ಟಿರುವುದು ಉಚಿತವಾಗಿದೆ. ಏಕೆಂದರೆ ವಕೀಲನ ದಯೆಯೂ ಮುಟ್ಟಬೇಕಾದವನಿಗೆ ಮುಟ್ಟದ ಪತ್ರವೇ.

ದುಡಿಮೆ ನಿಂತವನನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ? ಸಹೃದಯರು ಕಥೆಯನ್ನು ಓದಿ ಮುಗಿಸಿದ ಮೇಲೆ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು.