ತಾಪನಿಯಂತ್ರಣ ಶಾಸ್ತ್ರವೂ ಕನ್ನಡ ಪರಿಭಾಷೆಯೂ

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದ ಶಾಸ್ತ್ರಸಾಹಿತ್ಯದ ಮುಂದೆ ಒಂದು ಪ್ರಶ್ನೆ ನಿಂತಿದೆ: ಪದ ದೊರೆತ ಮಾತ್ರಕ್ಕೆ ಅರ್ಥ ದೊರೆಯಿತೆ? 1961ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ಧ್ಯೇಯಗಳಲ್ಲಿ ಭಾರತೀಯ ಭಾಷೆಗಳಿಗೆ ಸಮಾನ ಪದಗಳನ್ನು ಒದಗಿಸುವುದೂ ಒಂದು. ಧ್ಯೇಯ ಉಚಿತವಾದುದೇ, ಆದರೆ ಅದು ಅರ್ಧ ಕಾರ್ಯ ಮಾತ್ರ.

‘ಅರೇಖೀಯ ವ್ಯವಸ್ಥೆ’ ಎಂಬ ಮಾತನ್ನು ಪರೀಕ್ಷಿಸಬಹುದು. ಅದು ಏನಲ್ಲವೆಂಬುದನ್ನು ಹೇಳುತ್ತದೆಯೇ ಹೊರತು ಏನೆಂಬುದನ್ನು ಹೇಳದು. ದೆಹಲಿಯ ಮಾಗಿಯ ಚಳಿಯಲ್ಲಿ ಕೋಣೆಯನ್ನು ಬೆಚ್ಚಗಿಡುವ ವಿದ್ಯುತ್ ಹೀಟರು ಅದಕ್ಕೆ ಒಳ್ಳೆಯ ಉದಾಹರಣೆ. ಕಾದ ತಂತಿ ಹೊರಸೂಸುವ ವಿಕಿರಣ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಉಷ್ಣತೆ ಇಮ್ಮಡಿಸಿದರೆ ವಿಕಿರಣ 16 ಮಡಿಯಾಗುತ್ತದೆ. ಹೀಟರು ಕಾಯಿಸಬಲ್ಲುದು, ತಣಿಸಲಾರದು. ಅದರ ಶಕ್ತಿಗೂ ಒಂದು ಮೇರೆಯುಂಟು. ಆದಕಾರಣ ಒಂದು ಉಷ್ಣತೆಯಲ್ಲಿ ಸಲ್ಲುವ ನಿಯಮ ಮತ್ತೊಂದರಲ್ಲಿ ತಪ್ಪುತ್ತದೆ. ಶಾಸ್ತ್ರಜ್ಞರು ಉಷ್ಣತೆಗೆ ತಕ್ಕಂತೆ ತಿದ್ದುಪಡಿಯ ಪ್ರಮಾಣವನ್ನೇ ಬದಲಿಸುತ್ತಾರೆ. ಇಲ್ಲವೆ ಮುಂದಾಗುವುದನ್ನು ಗಣಿತದಿಂದ ಊಹಿಸಿ, ಗುರಿ ಮುಟ್ಟುವ ಮುನ್ನವೇ ಶಾಖವನ್ನು ಇಳಿಸುತ್ತಾರೆ.

ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುವ ಗೃಹಿಣಿಗೆ ಈ ಎರಡನೆಯ ಉಪಾಯ ಹೊಸತಲ್ಲ. ‘ಹದ’, ‘ಅಂಕೆ’ ಎಂಬ ಮಾತುಗಳು ಆ ಅನುಭವಕ್ಕೆ ಒಪ್ಪುವಂಥವು. ಆದರೆ ಹದಕ್ಕೆ ಅಳತೆಯಿಲ್ಲ, ಸಮೀಕರಣಕ್ಕೆ ಉಂಟು. ಆದ್ದರಿಂದ ಗಣನೆಗೆ ಪರಿಭಾಷೆಯೂ ಗ್ರಹಿಕೆಗೆ ಬಳಕೆಯ ನುಡಿಯೂ ಒಂದೇ ಬರಹದಲ್ಲಿ ಕೂಡಿ ನಡೆಯಬೇಕು. ಹಾಗಾಗದಿದ್ದರೆ ಹೊರನಾಡಿನ ಕನ್ನಡ ಮಕ್ಕಳಿಗೆ ಕನ್ನಡವು ಹಬ್ಬದ ಭಾಷೆಯಾಗಿ ಉಳಿದೀತು, ವಿಚಾರದ ಭಾಷೆಯಾಗಲಾರದು.