ಗ್ರಾಫಿಕ್ಸ್ ಕಾರ್ಡುಗಳ ಮೆಮೊರಿ ಹಂಚಿಕೆ: ಒಂದು ಪ್ರಬಂಧದ ವಿಮರ್ಶೆ

ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಜೋಡಿಸಿದರೆ ಅವುಗಳ ಮೆಮೊರಿಯೂ ಕೂಡಿ ಇಮ್ಮಡಿಯಾಗುವುದೆಂಬ ಮಾತು ಗಣಕಚಿತ್ರಣದಲ್ಲಿ ಆಸಕ್ತರಾದವರ ನಡುವೆ ಪ್ರಚಲಿತವಾಗಿದೆ. ಇದರಲ್ಲಿ ತಥ್ಯವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂಬುದನ್ನು ನಿರ್ಣಯಿಸಲು ಬಹಳ ನೆರವಾಗುವ ಪ್ರಬಂಧವೊಂದು 2021ರಲ್ಲಿ ಎ.ಸಿ.ಎಂ. ಸಂಸ್ಥೆಯ ಗ್ರಾಫಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚೆಕ್ ದೇಶದ ಆಸ್ತ್ರಾವಾ ನಗರದ ಮಿಲಾನ್ ಯಾರೋಷ್ ಮತ್ತು ಅವರ ಸಹೋದ್ಯೋಗಿಗಳು ಬರೆದ ಈ ಪ್ರಬಂಧದ ವಿಷಯ, ಅತಿ ವಿಸ್ತಾರವಾದ ದೃಶ್ಯಗಳನ್ನು ಹಲವು ಕಾರ್ಡುಗಳ ಮೇಲೆ ರೆಂಡರ್ ಮಾಡುವ ಕ್ರಮ.

ಸಮಸ್ಯೆಯ ಮೂಲ ಸ್ಪಷ್ಟವಾಗಿಯೇ ಇದೆ. ಪಾತ್ ಟ್ರೇಸಿಂಗ್ ಕ್ರಮದಲ್ಲಿ ಬೆಳಕಿನ ಕಿರಣವೊಂದು ದೃಶ್ಯದ ಯಾವ ಮೂಲೆಗೆ ಚಿಮ್ಮುವುದೆಂದು ಮೊದಲೇ ಹೇಳಲಾಗದು. ಆದಕಾರಣ ಇಡೀ ದೃಶ್ಯವೂ ಕಾರ್ಡಿನ ಕೈಗೆಟುಕುವಂತೆ ಇರಬೇಕು. 2004ರಲ್ಲಿ ಎನ್‌ವಿಡಿಯಾ ಸಂಸ್ಥೆ ತಂದ ಎಸ್‌ಎಲ್‌ಐ ಜೋಡಣೆಯಲ್ಲಿ ಪ್ರತಿಯೊಂದು ಕಾರ್ಡೂ ಪೂರ್ಣ ಪ್ರತಿಯನ್ನೇ ಇಟ್ಟುಕೊಳ್ಳುತ್ತಿತ್ತು. ಕೆಲಸ ಹಂಚಿಹೋಗುತ್ತಿತ್ತೇ ಹೊರತು ಮೆಮೊರಿ ಕೂಡುತ್ತಿರಲಿಲ್ಲ. 2016ರಲ್ಲಿ ಪಿ100 ಕಾರ್ಡಿನೊಡನೆ ಬಂದ ಎನ್‌ವಿಲಿಂಕ್ ಒಂದು ಕಾರ್ಡು ಮತ್ತೊಂದರ ಮೆಮೊರಿಯನ್ನು ವೇಗವಾಗಿ ಓದುವ ಮಾರ್ಗವನ್ನು ತೆರೆಯಿತು. ಬ್ಲೆಂಡರ್ ತಂತ್ರಾಂಶದ ಸೈಕಲ್ಸ್ ರೆಂಡರರ್ ಈ ಸೌಲಭ್ಯವನ್ನು 2020ರ 2.90ನೆಯ ಆವೃತ್ತಿಯಲ್ಲಿ ಪಡೆಯಿತು.

ಆದರೆ ಓದಬಹುದು ಎಂಬುದು ಬೇರೆ, ಅಷ್ಟೇ ವೇಗದಲ್ಲಿ ಓದಬಹುದು ಎಂಬುದು ಬೇರೆ. 2018ರ ಆರ್‌ಟಿಎಕ್ಸ್ 2080 ಟಿಐ ತನ್ನ ಸ್ವಂತ ಮೆಮೊರಿಯನ್ನು ಸೆಕೆಂಡಿಗೆ 616 ಗಿಗಾಬೈಟ್ ವೇಗದಲ್ಲಿ ಓದುತ್ತದೆ. ಸೇತುವೆಯ ಆಚೆಯಿಂದ ಅದಕ್ಕೆ ಬರುವುದು ಹೆಚ್ಚೆಂದರೆ 50. ಪಕ್ಕದ ಮನೆಯ ಕಣಜವೂ ನಮ್ಮದೇ ಎನ್ನಬಹುದು, ಆದರೆ ಕಾಳನ್ನು ಹೊತ್ತು ತರುವ ದಾರಿ ಕಿರಿದು. ಆಸ್ತ್ರಾವಾ ವಿದ್ವಾಂಸರ ಹಿರಿಮೆಯೆಂದರೆ, ಮೆಮೊರಿ ಎಷ್ಟಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಯಾವ ಭಾಗವನ್ನು ಎಷ್ಟು ಬಾರಿ ಓದಲಾಗುತ್ತದೆ ಎಂದು ಎಣಿಸಿದ್ದು. ಅತಿ ಹೆಚ್ಚು ಬಾರಿ ಓದಲಾಗುವ ಭಾಗವನ್ನು ಎಲ್ಲ ಕಾರ್ಡುಗಳಲ್ಲೂ ನಕಲಾಗಿ ಇಟ್ಟು, ಉಳಿದುದನ್ನು ಹಂಚಿದರೆ ಸಾಕೆಂಬುದು ಅವರ ಸಿದ್ಧಾಂತ. 169 ಗಿಗಾಬೈಟ್‌ವರೆಗಿನ ದೃಶ್ಯಗಳನ್ನು ಅವರು ಪರೀಕ್ಷಿಸಿದ್ದಾರೆ. ಇಂತಹ ದೊಡ್ಡ ದೃಶ್ಯಗಳಲ್ಲಿ ಶೇಕಡಾ 1ರಿಂದ 5ರಷ್ಟನ್ನು ಮಾತ್ರ ನಕಲು ಮಾಡಿದರೂ 16 ಕಾರ್ಡುಗಳವರೆಗೆ ಶೇಕಡಾ 94ಕ್ಕೂ ಮಿಗಿಲಾದ ಸಮಾಂತರ ದಕ್ಷತೆ ದೊರೆಯಿತೆಂದು ತೋರಿಸಿದ್ದಾರೆ.

ಇದು ಆಶ್ಚರ್ಯಕರವೆನಿಸಿದರೂ ಅಸಹಜವಲ್ಲ. ದೃಶ್ಯದ ವಸ್ತುಗಳನ್ನು ರೆಂಡರರ್ ಒಂದು ವೃಕ್ಷದಂತೆ ಅಣಿಗೊಳಿಸಿಕೊಂಡಿರುತ್ತದೆ. ಪ್ರತಿಯೊಂದು ಕಿರಣವೂ ಬುಡದಿಂದಲೇ ಹೊರಡಬೇಕು. ತುದಿಯ ಎಲೆಗಳಿಗೆ ತಲಪುವ ಕಿರಣಗಳು ಎಲೆಯೊಂದಕ್ಕೆ ಕೆಲವೇ. ಬುಡ ಚಿಕ್ಕದು, ಓಡಾಟವೆಲ್ಲ ಅಲ್ಲಿಯೇ.

ಲೆಕ್ಕವನ್ನು ನಾವೇ ಹಾಕಿ ನೋಡೋಣ. 169 ಗಿಗಾಬೈಟಿನಲ್ಲಿ ಶೇಕಡಾ 5 ಎಂದರೆ ಸುಮಾರು 8.5. ಉಳಿದ 160.5ನ್ನು ಹದಿನಾರಕ್ಕೆ ಹಂಚಿದರೆ ತಲಾ 10. ಹೀಗೆ ಕಾರ್ಡೊಂದಕ್ಕೆ ಸುಮಾರು 18.5 ಗಿಗಾಬೈಟ್, 32 ಗಿಗಾಬೈಟಿನ ಕಾರ್ಡಿಗೆ ಇದು ಹಗುರವಾದ ಹೊರೆ. ಅದೇ ಪ್ರಮಾಣ ಸಲ್ಲುವುದಾದರೆ, 24 ಗಿಗಾಬೈಟಿನ ಎರಡು ಕಾರ್ಡುಗಳ ಮೇಲೆ ಹಿಡಿಸುವ ದೃಶ್ಯ 48 ಅಲ್ಲ, 45ರ ಆಸುಪಾಸು. ಪ್ರತಿಯೊಂದು ಕಾರ್ಡಿಗೂ ತನ್ನದೇ ಆದ ಕಾರ್ಯಸ್ಥಳ ಬೇಕಾದುದರಿಂದ ಇನ್ನೂ ಕಡಿಮೆ. ಇಮ್ಮಡಿ ಎಂಬ ಮಾತು ತೀರ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದಾಗಿ, ಶೇಕಡಾ 1ರಿಂದ 5 ಎಂಬುದು ದೊಡ್ಡ ದೃಶ್ಯಗಳ ಮಾತು. ಇದನ್ನು ಸಾರ್ವತ್ರಿಕ ನಿಯಮವೆಂಬಂತೆ ಉದ್ಧರಿಸುವುದು ಪ್ರಬಂಧಕ್ಕೆ ಮಾಡುವ ಅನ್ಯಾಯ. ಎರಡನೆಯದು, ಓದಿನ ಎಣಿಕೆ ಕ್ಯಾಮೆರಾ ನಿಂತ ಸ್ಥಳವನ್ನು ಅವಲಂಬಿಸಿದೆ. ಚಲನಚಿತ್ರದಲ್ಲಿ ಕ್ಯಾಮೆರಾ ಸರಿದಂತೆಲ್ಲ ಹೆಚ್ಚು ಓದುವ ಭಾಗವೂ ಸರಿಯುತ್ತದೆ. ಒಂದು ಚೌಕಟ್ಟಿಗೆ ಹಾಕಿದ ಹಂಚಿಕೆ ನೂರನೆಯ ಚೌಕಟ್ಟಿಗೆ ಸಲ್ಲಲೇಬೇಕೆಂದಿಲ್ಲ. ಮೂರನೆಯದೇ ನಮಗೆ ಮುಖ್ಯವಾದುದು. ಹದಿನಾರು ಕಾರ್ಡುಗಳ ಪ್ರಯೋಗ ನಡೆದುದು ಡಿಜಿಎಕ್ಸ್-2 ಯಂತ್ರದಲ್ಲಿ. ಅದರ ವಿ100 ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 900 ಗಿಗಾಬೈಟ್, ಕೊಂಡಿಯದು ಒಂದು ದಿಕ್ಕಿಗೆ 150. ಅಂದರೆ ಆರನೆಯ ಒಂದು ಪಾಲು. 2080 ಟಿಐ ಜೋಡಿಯಲ್ಲಿ ಇದು ಹನ್ನೆರಡನೆಯ ಒಂದು ಪಾಲಿಗೆ ಇಳಿಯಿತು. 2020ರ 3090ರಲ್ಲಿ ಹದಿನಾರನೆಯ ಒಂದು ಪಾಲಿಗಿಂತಲೂ ಕೆಳಗಾಯಿತು. ದೊಡ್ಡ ಯಂತ್ರದಲ್ಲಿ ಕಂಡ ದಕ್ಷತೆಯನ್ನು ಮೇಜಿನ ಮೇಲಿನ ಗಣಕಕ್ಕೆ ಹಾಗೆಯೇ ಆರೋಪಿಸುವವರು ಈ ಅನುಪಾತವನ್ನು ಮರೆಯುತ್ತಾರೆ.

2022ರ 4090 ಕಾರ್ಡಿನಲ್ಲಿ ಆ ಕೊಂಡಿಯೇ ಇಲ್ಲ. ಬೃಹತ್ ಗಣಕಕೇಂದ್ರಗಳ ಕಾರ್ಡುಗಳಲ್ಲಿ ಉಳಿದುದನ್ನು ಸಾಮಾನ್ಯ ಕಲಾವಿದನ ಕೈಯಿಂದ ಕಸಿದುಕೊಂಡಂತಾಯಿತು. ಹೀಗಿದ್ದರೂ ಪ್ರಬಂಧದ ಬೆಲೆ ಕುಗ್ಗಿಲ್ಲವೆಂದೇ ನಮ್ಮ ಅಭಿಪ್ರಾಯ. ಲೇಖಕರು ತಮ್ಮ ಕ್ರಮವನ್ನು ಮೆಮೊರಿಯ ನಿರ್ವಹಣೆಯ ಮಟ್ಟದಲ್ಲಿಯೇ ಅಳವಡಿಸಿ, ರೆಂಡರರಿನ ರಚನೆಯನ್ನು ಮುಟ್ಟದೆ ಬಿಟ್ಟಿದ್ದಾರೆ. ಅವರು ಆಧಾರವಾಗಿ ತೆಗೆದುಕೊಂಡ ಸೈಕಲ್ಸ್ ಮುಕ್ತ ತಂತ್ರಾಂಶವಾದುದರಿಂದ, ಕಾರ್ಡಿನಲ್ಲಿ ಹಿಡಿಸದ ಭಾಗವನ್ನು ಗಣಕದ ಮುಖ್ಯ ಮೆಮೊರಿಯಲ್ಲಿ ಇಡಬೇಕಾದಾಗ ಯಾವುದನ್ನು ಹೊರಗಿಡಬೇಕೆಂಬ ಪ್ರಶ್ನೆಗೂ ಇದೇ ಎಣಿಕೆಯನ್ನು ಅನ್ವಯಿಸಿ ನೋಡಬಹುದು. ಒಂದೇ ಕಾರ್ಡುಳ್ಳ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸವಿದು.