ನಿಂತ ಗಾಡಿಯ ಫೋಟೋ

ಕೊಟ್ಟೂರಿನ ನಮ್ಮ ತವರುಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಫೋಟೋ ಇದೆ. ಅಪ್ಪ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಹಿಡಿದು ಕೂತಿದ್ದಾನೆ. ಹಿಂದೆ ಅವ್ವ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಹಡಗಲಿ ಮಲ್ಲಿಗೆ ಮುಡಿದು ಕೂತಿದ್ದಾಳೆ. ಅವಳ ತೊಡೆಯ ಮೇಲೆ ನಾನು. ಮನೆಗೆ ಬಂದವರೆಲ್ಲ ‘ಆ ಕಾಲಕ್ಕೇ ಎಂಥ ಗಾಡಿ!’ ಎನ್ನುತ್ತಾರೆ. ಅವ್ವನ ಬಗ್ಗೆ ಯಾರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ಮೊನ್ನೆ ಮಗ ಒಂದು ದಪ್ಪ ಪುಸ್ತಕ ತಂದ. ಹಿಂದಿನ ಕಾಲದಲ್ಲಿ ಮೋಟಾರ್ ಸೈಕಲ್ ಮೇಲೆ ಯುರೋಪು ಸುತ್ತಿದವರ ಫೋಟೋಗಳು. ಆಲ್ಪ್ಸ್ ಪರ್ವತದ ತಿರುವುಗಳು, ಹೊಳೆದಂಡೆಯ ಗುಡಾರಗಳು, ಪಕ್ಕಕ್ಕೆ ತೊಟ್ಟಿಲಿನಂತೆ ಜೋಡಿಸಿದ ಸೈಡ್‌ಕಾರುಗಳು. ನೋಡಲು ಚೆಂದವೇ. ಆದರೆ ನನ್ನವು ಎರಡು ತಕರಾರು. ಒಂದು, ಹೆಚ್ಚಿನ ಚಿತ್ರಗಳಲ್ಲಿ ಗಾಡಿ ನಿಂತೇ ಇದೆ. ಮಳೆ, ಕೆಸರು, ಪಂಕ್ಚರ್, ಮರಗಟ್ಟಿದ ಬೆರಳು ಇವು ಯಾವುವೂ ಇಲ್ಲ. ಪ್ರವಾಸದ ಪುಸ್ತಕದಲ್ಲಿ ಪ್ರಯಾಣವೇ ಇಲ್ಲ! ಇನ್ನೊಂದು, ಚಿತ್ರದ ಕೆಳಗೆ ಗಾಡಿಯ ಕಂಪನಿ, ಇಸವಿ, ಎಂಜಿನ್ನಿನ ಶಕ್ತಿ, ಗಂಡಸಿನ ಹೆಸರು ಎಲ್ಲ ಉಂಟು. ಹೆಂಗಸು ಮಾತ್ರ ಬರೀ ‘ಪತ್ನಿಯೊಂದಿಗೆ’.

ಅಲ್ಲಿ ಹೆಂಗಸರು ಗಾಡಿ ಓಡಿಸಲಿಲ್ಲವೆಂದಲ್ಲ. ಥೆರೇಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು 1934ರ ಡಿಸೆಂಬರಿನಲ್ಲಿ ಪ್ಯಾಂಥರ್ ಮೋಟಾರ್ ಸೈಕಲ್ಲಿಗೆ ಸೈಡ್‌ಕಾರ್ ಕಟ್ಟಿಕೊಂಡು ಲಂಡನ್ ಬಿಟ್ಟರು. ಫ್ರಾನ್ಸ್ ದಾಟಿ, ಸಹಾರಾ ಮರುಭೂಮಿ ಹಾಯ್ದು, 1935ರ ಜುಲೈಯಲ್ಲಿ ಆಫ್ರಿಕದ ತುದಿಯ ಕೇಪ್‌ಟೌನ್ ಮುಟ್ಟಿದರು. ವಾಲಕ್ ಎಂಜಿನಿಯರಿಂಗ್ ಓದಿದವಳು. ಆಕೆ ಬರೆದ ‘ದಿ ರಗ್ಗಡ್ ರೋಡ್’ ಪುಸ್ತಕವಾಗಿ ಬಂದದ್ದು 2001ರಲ್ಲಿ, ಆಕೆ ತೀರಿಕೊಂಡ ಮೇಲೆ. ಬರೆದಿಟ್ಟದ್ದರಿಂದ ಪಾರಾದಳು. ಬರೀ ಫೋಟೋಗಳೇ ಉಳಿದಿದ್ದರೆ, ಯಾರದೋ ಗಾಡಿಯ ಪಕ್ಕ ನಿಂತ ಇಬ್ಬರು ಹೆಂಗಸರು ಎಂದುಕೊಳ್ಳುತ್ತಿದ್ದೆವೇನೋ.

ಯುರೋಪಿನ ಗಾಡಿ ನಮಗೂ ದೂರದ್ದಲ್ಲ. ಜೆಕೊಸ್ಲೊವಾಕಿಯಾದ ಜಾವಾ 1961ರಿಂದ ನಮ್ಮ ಮೈಸೂರಿನಲ್ಲೇ ತಯಾರಾಗತೊಡಗಿತು. ಅಪ್ಪ ಕೊಂಡದ್ದು ಬೇರೆ ಕಂಪನಿಯ, ಯಾರೋ ಓಡಿಸಿ ಮಾರಿದ ಗಾಡಿ. ನಮ್ಮ ಆಲ್ಪ್ಸ್ ಎಂದರೆ ಕೂಡ್ಲಿಗಿಯ ನೆಂಟರ ಮನೆ, ಹಗರಿಬೊಮ್ಮನಹಳ್ಳಿಯ ಸಂತೆ, ಹಡಗಲಿ ದಾಟಿ ಮೈಲಾರದ ಜಾತ್ರೆ, ಹರಪನಹಳ್ಳಿಯ ಕಡೆ ಉಚ್ಚಂಗಿದುರ್ಗ. ಸುತ್ತಿದ್ದು ಐದೂರುಗಳ ಸೀಮೆ. ದಾರಿ ಮಾತ್ರ ಪೂರಾ ಕಲ್ಲು, ಧೂಳು.

ಪುಸ್ತಕವನ್ನು ಅವ್ವನ ಮುಂದೆ ಇಟ್ಟೆ. ಕನ್ನಡಕ ಏರಿಸಿಕೊಂಡು, ಸೈಡ್‌ಕಾರಿನಲ್ಲಿ ಕುತ್ತಿಗೆತನಕ ಕಂಬಳಿ ಹೊದ್ದು ಕೂತವಳ ಮೇಲೆ ಬೆರಳಿಟ್ಟಳು.

“ಈಕಿ ಕಾಲು ಜೋಮು ಹಿಡದಿರಬೇಕು ನೋಡು. ನಗು ಅಂದಾರ, ನಕ್ಕಾಳ.”

“ನೀನೂ ನಕ್ಕೀಯಲ್ಲವ್ವ ನಮ್ಮ ಫೋಟೋದಾಗ?”

“ಅದು ಬೀಳೋಕಿಂತ ಮುಂಚಿಂದು.”

ಆಗಲೇ ನನಗೆ ಗೊತ್ತಾದದ್ದು. ಆ ಫೋಟೋ ತೆಗೆಸಿದ ಕೆಲವೇ ತಿಂಗಳಿಗೆ, ಹಡಗಲಿಯಿಂದ ಬರುವಾಗ ಅವ್ವನ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತಂತೆ. ನನ್ನನ್ನು ಎದೆಗೆ ಅವಚಿಕೊಂಡೇ ಬಿದ್ದಳಂತೆ. ಅವಳ ಬಲಗೈ ಪೂರ್ತಿ ಮಡಚಲು ಬಾರದ್ದನ್ನು ನಾನು ಹುಟ್ಟಿನಿಂದ ಬಂದದ್ದೆಂದೇ ತಿಳಿದಿದ್ದೆ. ಆ ಕೈಯಲ್ಲೇ ಇಷ್ಟು ವರ್ಷ ರೊಟ್ಟಿ ಬಡಿದಳು.

ಹಿಂದೆ ಕೂತವರ ಬಟ್ಟೆ ಸಿಗದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿಕೆ ಇರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಿಂದೆ ಕೂತು ಊರೂರು ತಿರುಗಿದ ಹೆಂಗಸರ ಕತೆ ಆ ದಪ್ಪ ಪುಸ್ತಕಕ್ಕಿಂತ ಆ ಒಂದು ನಿಯಮದಲ್ಲೇ ಹೆಚ್ಚು ಕಾಣುತ್ತದೆ. ಯಾರ ಸೀರೆಯೋ ಸಿಕ್ಕದೆ, ಯಾರೋ ಬೀಳದೆ ಅಂಥ ಮಾತು ಕಾನೂನಿಗೆ ಬರುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥದೊಂದು ಫೋಟೋ ಇದ್ದೀತು. ಅದರಲ್ಲಿ ಕೂತವರು ಇನ್ನೂ ಇದ್ದರೆ ಇವತ್ತೇ ಕೇಳಿಬಿಡಿ. ಫೋಟೋ ತಾನಾಗಿ ಬಾಯಿ ಬಿಡುವುದಿಲ್ಲ.

ನಮ್ಮ ಫೋಟೋದ ಹಿಂದೆ ಅಪ್ಪ ಗಾಡಿಯ ನಂಬರು ಬರೆದಿಟ್ಟಿದ್ದ, ಅಷ್ಟೇ. ನಾನು ಅದರ ಕೆಳಗೆ ಅವ್ವನ ಹೆಸರು, ನನ್ನ ಹೆಸರು ಬರೆದೆ. ಅವ್ವ ಬಗ್ಗಿ ನೋಡಿದಳು.

“ಬಿದ್ದ ಜಾಗಾನೂ ಬರಿ. ಹಡಗಲಿ ದಾರಿ ಅಂತ ಬರಿ.”